ಅಲ್ಲಿ ಒಂದೇ ಸಲ ಕೇಳ್ತಾರೆ

ತಾಲ್ಲೂಕು ಊರಿನಲ್ಲಿ ಇಂಗ್ಲಿಷ್ ಪಾಠ ಮಾಡುವವರ ಕೊರಳಿಗೆ ಏನೇನು ಬಂದು ಬೀಳುತ್ತದೆ ಅಂತ ಬಿ.ಎಡ್. ಓದುವಾಗ ಯಾರೂ ಹೇಳುವುದಿಲ್ಲ. ಮಿಕ್ಸಿಯ ಗ್ಯಾರಂಟಿ ಕಾರ್ಡು, ಔಷಧದ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರ, ಯಾರದೋ ಅಳಿಯನಿಗೆ ಆಫೀಸಿನಿಂದ ಬಂದ ಮೆಸೇಜು, ಎಲ್ಲವೂ ಹೊಳಲ್ಕೆರೆಯಲ್ಲಿ ನನ್ನ ಮುಂದೆಯೇ ಬಂದು ನಿಲ್ಲುತ್ತವೆ. ಇವೆಲ್ಲ ಸಾಲದು ಅಂತ ನಮ್ಮ ಹೈಸ್ಕೂಲಿನ ಹುಡುಗಿಯೊಬ್ಬಳು ನ್ಯೂಜಿಲೆಂಡಿಗೆ ಓದಲು ಹೋದಳು. ಹೋದದ್ದು ಅವಳು, ಏಗಿದ್ದು ನಾನು.

ಒಂದು ಸಂಸ್ಥೆಯವರು ಹತ್ತನೇ ಕ್ಲಾಸು ಮುಗಿಸಿದ ಮಕ್ಕಳಿಗೆ ಪರೀಕ್ಷೆ ಮಾಡಿ, ಆರಿಸಿ, ಖರ್ಚೆಲ್ಲ ತಾವೇ ಹಾಕಿ ಒಂದು ವರ್ಷ ಹೊರದೇಶದ ಹೈಸ್ಕೂಲಿಗೆ ಕಳಿಸುತ್ತಾರೆ. ಅಲ್ಲಿಯದೇ ಒಂದು ಕುಟುಂಬದ ಜೊತೆ ಮನೆಮಗಳ ಹಾಗೆ ಇದ್ದುಕೊಂಡು ಓದಬೇಕು. ಅರ್ಜಿ ತರಿಸಿದವಳು ನಾನು, ಅವಳನ್ನು ಕೂರಿಸಿ ತಯಾರಿ ಮಾಡಿಸಿದವಳು ನಾನು, ಆಯ್ಕೆಯಾದ ಸುದ್ದಿ ಬಂದಾಗ ಸ್ಟಾಫ್ ರೂಮಿನಲ್ಲಿ ಕುಣಿದವಳೂ ನಾನೇ. ಆ ಸಂತೋಷದಲ್ಲಿ ನಾನು ಮೈಮರೆತಿದ್ದಾಗ ಹೆಡ್‌ಮಾಸ್ಟರು 'ಸ್ಥಳೀಯ ಸಂಪರ್ಕ ವ್ಯಕ್ತಿ' ಅನ್ನುವ ಜಾಗದಲ್ಲಿ ನನ್ನ ಫೋನ್ ನಂಬರ್ ಬರೆದುಬಿಟ್ಟರು.

ಹುಡುಗಿಯ ಅಪ್ಪ ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ನಾನು ದಿನಾ ಬೆಳಗ್ಗೆ ಚಿತ್ರದುರ್ಗದಿಂದ ಸ್ಕೂಲಿಗೆ ಬರುವುದು ಅದೇ ಬಸ್ಸಿನಲ್ಲಿ. ಅಮ್ಮ ಬ್ಲೌಸ್ ಹೊಲಿಯುತ್ತಾರೆ. ಅಜ್ಜಿ, ಅಂದರೆ ಡ್ರೈವರ್ ತಾಯಿ, ತಾಳ್ಯದ ಕಡೆ ಆಯುಷ್ಯವೆಲ್ಲ ಕುರಿ ಹಿಂದೆ ಸುತ್ತಿದವರು. ಮನೆಯಲ್ಲಿ ಕೊನೆಯ ಮಾತು ಅವರದೇ.

ಸಂಸ್ಥೆಯವರು ಒಂದು ಕೈಪಿಡಿ ಕಳಿಸಿದ್ದರು. ಹೊರದೇಶದ ಹೈಸ್ಕೂಲಿಗೆ ಹೋಗುವ ಮಕ್ಕಳು ಏನೇನಕ್ಕೆ ತಯಾರಿರಬೇಕು ಅಂತ. ಮನೆ ನೆನಪಾಗುತ್ತದೆ, ಊಟ ಒಗ್ಗುವುದಿಲ್ಲ, ಚಳಿ ಇರುತ್ತದೆ, ಸ್ನೇಹಿತರು ನಿಧಾನಕ್ಕೆ ಸಿಗುತ್ತಾರೆ. ಎಲ್ಲ ಸರಿ. ಇಲ್ಲೇ ಉಳಿದ ಮೇಡಂ ಏನೇನಕ್ಕೆ ತಯಾರಿರಬೇಕು ಅಂತ ಮಾತ್ರ ಒಂದು ಸಾಲೂ ಇರಲಿಲ್ಲ. ಆ ಭಾಗವನ್ನು ಈಗ ನಾನೇ ಬರೆಯುತ್ತಿದ್ದೇನೆ.

ಮಾರಿಕಣಿವೆಯ ಫೋಟೋ

ಹುಡುಗಿಯನ್ನು ಇಟ್ಟುಕೊಳ್ಳುವ ಮನೆಯವರಿಗೆ ಕಳಿಸಲು ಕುಟುಂಬದ ಒಂದು ಫೋಟೋ ಬೇಕಿತ್ತು. ಮನೆಯಲ್ಲಿ ಸಹಜವಾಗಿ ಇರುವಂಥದ್ದು. ನಾನು ಡ್ರೈವರಿಗೆ ಬಿಡಿಸಿ ಹೇಳಿದೆ. "ಜಗುಲಿ ಮೇಲೆ ನೀವು ನಾಲ್ಕು ಜನ ಕೂತಿರೋದು ಸಾಕು. ಮೊಬೈಲಲ್ಲೇ ತೆಗೀರಿ."

"ಆಯ್ತು ಮೇಡಂ," ಅಂದರು.

ಸೋಮವಾರ ಫೋಟೋ ಬಂತು. ಹಿಂದೆ ಮಾರಿಕಣಿವೆಯ ಅಣೆಕಟ್ಟು. ಮುಂದೆ ಮೂರು ಸಾಲಿನಲ್ಲಿ ಮದುವೆಗೆ ಹೊರಟಂತೆ ಸಿಂಗರಿಸಿಕೊಂಡ ಜನ. ಒಬ್ಬರ ಮುಖದಲ್ಲೂ ನಗುವಿಲ್ಲ. ನಮ್ಮ ಕಡೆ ಫೋಟೋಕ್ಕೆ ನಿಂತಾಗ ಯಾರು ನಗುತ್ತಾರೆ? ಹುಡುಗಿ ಎಲ್ಲಿದ್ದಾಳೆ ಅಂತ ನಾನೇ ಹುಡುಕಬೇಕಾಯಿತು.

"ಇದೇನ್ರಿ ಇದು? ಮನೇಲಿ ತೆಗೀರಿ ಅಂದಿದ್ದೆ!"

"ಮನೇಲಿ ಇಷ್ಟು ಜನ ಹಿಡಿಯಲ್ಲ ಮೇಡಂ. ಹುಡುಗಿ ಸೋದರಮಾವ ಆ ಡ್ಯಾಮಲ್ಲೇ ಕೆಲ್ಸದಾಗೆ ಅವ್ನೆ. ಜಾಗ ಚೆನ್ನಾಗೈತೆ, ಬರ್ರಿ ಅಂದ."

"ನಾಲ್ಕು ಜನ ಸಾಕು ಅಂದಿದ್ದೆ!"

"ಯಾರನ್ನ ಬಿಡಾಣ ಮೇಡಂ? ಬಿಟ್ಟೋರು ನಾಳೆಯಿಂದ ನಮ್ಮನೆ ಮೆಟ್ಲು ತುಳಿಯಲ್ಲ."

ಕೊನೆಯ ಸಾಲಿನ ಮೂಲೆಯಲ್ಲಿ ಖಾಕಿ ಶರ್ಟಿನ ಒಬ್ಬ ನಿಂತಿದ್ದ. ಇವನು ಯಾವ ನೆಂಟ ಅಂತ ಕೇಳಿದೆ. "ನಮ್ಮ ಕಂಡಕ್ಟ್ರಲ್ವಾ ಮೇಡಂ! ದಿನಾ ನೋಡ್ತೀರಲ್ಲ," ಅಂದರು.

ಬೇರೆ ದಾರಿ ಇಲ್ಲದೆ ಅದನ್ನೇ ಕಳಿಸಿದೆ. ಎರಡು ದಿನಕ್ಕೆ ಅಲ್ಲಿನ ಮನೆಯಾಕೆಯಿಂದ ಉತ್ತರ ಬಂತು. ಬಹಳ ಸಂಕೋಚದಿಂದ ಎರಡು ಪ್ರಶ್ನೆ ಕೇಳಿದ್ದರು. ಇವರಲ್ಲಿ ಎಷ್ಟು ಜನ ಹುಡುಗಿಯ ಜೊತೆ ಒಂದೇ ಮನೆಯಲ್ಲಿರುತ್ತಾರೆ? ಅವಳು ಇಲ್ಲಿಗೆ ಬರುವುದು ಇವರೆಲ್ಲರಿಗೂ ಇಷ್ಟೊಂದು ದುಃಖವೇ? ಜೊತೆಗೆ ತಮ್ಮದೂ ಒಂದು ಫೋಟೋ ಇಟ್ಟಿದ್ದರು. ಗಂಡ, ಹೆಂಡತಿ, ಒಂದು ನಾಯಿ. ಮೂವರೂ ನಗುತ್ತಿದ್ದರು.

ಅಲ್ಲಿಯವರೆಗೂ ಅಜ್ಜಿ ಮೊಮ್ಮಗಳನ್ನು ಕಳಿಸಲು ಸುತರಾಂ ಒಪ್ಪಿರಲಿಲ್ಲ. ನಾನು ನಾಲ್ಕು ಸಲ ಅವರ ಮನೆಗೆ ಹೋಗಿ ವಿದ್ಯೆ, ಭವಿಷ್ಯ, ಹೆಣ್ಣುಮಕ್ಕಳ ಏಳಿಗೆ ಅಂತ ಭಾಷಣ ಮಾಡಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು. ಐದನೇ ಸಲ ಹೋದಾಗ ಆ ಗಂಡಹೆಂಡತಿಯ ಫೋಟೋ ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

"ಮಿಕ್ಕೋರೆಲ್ಲ ಎಲ್ಲಿ?"

"ಇಷ್ಟೇ ಜನ ಅಜ್ಜಿ. ಮಕ್ಕಳು ದೊಡ್ಡವರಾಗಿ ಬೇರೆ ಊರಲ್ಲಿದ್ದಾರಂತೆ."

"ಅಣ್ಣ ತಮ್ಮಂದ್ರು? ಬೀಗರು?"

"ಫೋಟೋದಲ್ಲಿ ಇಲ್ಲ."

ಅಜ್ಜಿಯ ಮುಖ ಸಪ್ಪಗಾಯಿತು. "ಪಾಪ, ಹಿಂದೆ ಮುಂದೆ ಯಾರೂ ಇಲ್ಲದೋರು. ಜನ ಸಾಲದೆ ನಾಯೀನ ಕರ್ಕಂಬಂದು ನಿಲ್ಸವ್ರೆ ಅಂದ್ರೆ ನೋಡ್ರಿ. ಹೋಗ್ಲಿ ಬಿಡ್ರಿ, ಒಂದು ವರ್ಸ ನಮ್ಮ ಹುಡುಗಿ ಹೋಗಿ ಜತೆಗಿದ್ದು ಬರ್ಲಿ." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಆದ್ರೆ ಒಂದು ಮಾತು ಮೇಡಮ್ನೋರೆ. ಹೋದೋಳೇ ವಾಪಸ್ ಬರ್ಬೇಕು. ಅಲ್ಲಿಂದ ಬ್ಯಾರೆ ಯಾರೋ ಬರ್ಬಾರ್ದು. ಹಂಗೇನಾದ್ರೂ ಆದ್ರೆ ನಿಮ್ಮನ್ನೇ ಕೇಳ್ತೀನಿ."

"ಹೋದ ಹಾಗೇ ವಾಪಸ್ ತಂದು ಒಪ್ಪಿಸ್ತೀನಿ ಅಜ್ಜಿ," ಅಂತ ಮಾತು ಕೊಟ್ಟೆ. ಅಲ್ಲಿಯವರು ಪಾಪ, ದೂರದ ಹುಡುಗಿಗೆ ಆಸರೆ ಕೊಡುತ್ತಿದ್ದೇವೆ ಅಂದುಕೊಂಡಿದ್ದರು. ಹೊಳಲ್ಕೆರೆಯಲ್ಲಿ ಮಾತ್ರ ದಿಕ್ಕಿಲ್ಲದ ಗಂಡಹೆಂಡತಿಗೆ ನಾವೊಂದು ಹುಡುಗಿಯನ್ನು ಕಳಿಸಿಕೊಡುತ್ತಿದ್ದೇವೆ ಅಂತಲೇ ಸುದ್ದಿಯಾಯಿತು.

ಹೆಣ್ಣು ಕೇಳಲು ಬಂದವರು

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಮೇಲೆ ಪೊಲೀಸರು ಮನೆಯ ಹತ್ತಿರ ಬಂದು ವಿಚಾರಿಸುತ್ತಾರೆ. ಬಂದವರು ಒಬ್ಬರೇ, ಅವರೂ ಮಫ್ತಿಯಲ್ಲಿದ್ದರು. ಮನೆಗೆ ಬೀಗ ಹಾಕಿತ್ತು. ಎದುರು ಮನೆಯಲ್ಲಾದರೂ ಕೇಳೋಣ ಅಂತ ಬಾಗಿಲು ತಟ್ಟಿದರು. ಎದುರು ಮನೆಯಲ್ಲಿರುವುದು ಅಂಗನವಾಡಿ ಟೀಚರ್. ಬಾಲ್ಯವಿವಾಹ ತಡೆಯುವುದು ಹೇಗೆ ಅಂತ ಹಿಂದಿನ ವಾರವಷ್ಟೇ ಚಿತ್ರದುರ್ಗದಲ್ಲಿ ತರಬೇತಿ ಮುಗಿಸಿಕೊಂಡು ಬಂದು, ತಡೆಯಲು ಒಂದೂ ಸಿಗದೆ ಚಡಪಡಿಸುತ್ತಿದ್ದವರು.

"ಎದುರು ಮನೆ ಹುಡುಗಿ ಹೆಂಗೆ? ಗುಣನಡತೆ ಎಲ್ಲ ಚೆನ್ನಾಗೈತಾ?" ಅಂತ ಇವರು ಕೇಳಿದರಂತೆ.

"ಯಾಕ್ರಿ?" ಅಂದರು ಟೀಚರ್.

"ಮನೆ ಸ್ವಂತದ್ದಾ, ಬಾಡಿಗೇದಾ?"

"ಯಾಕ್ರಿ?"

"ಹೊರದೇಶಕ್ಕೆ ಹೋಗೋ ಹುಡುಗಿ ಅಲ್ವಾ. ಎಲ್ಲ ನೋಡ್ಬೇಕಾಗ್ತೈತೆ."

ಅಷ್ಟು ಸಾಕಾಯಿತು. ಹುಡುಗಿ ಓದಲು ಹೋಗುವ ಸುದ್ದಿ ತರಬೇತಿಯ ಗುಂಗಿನಲ್ಲಿ ಅವರಿಗೆ ನೆನಪೇ ಆಗಲಿಲ್ಲ. ಹೊರದೇಶದ ಗಂಡು, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಂದ ದಲ್ಲಾಳಿ. ಟೀಚರ್ ಹೊರಗೆ ಬಂದು ಮೊದಲು ಆತನ ಬೈಕಿನ ಕೀ ಕಿತ್ತುಕೊಂಡರು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದರು. "ಹದಿನಾರು ತುಂಬದ ಹುಡುಗೀನ ಕೇಳ್ಕಂಡು ಬಂದಿದೀರಲ್ಲ, ನಾಚ್ಕೆ ಆಗಲ್ವೇನ್ರಿ?" ಆತ ಗುರುತಿನ ಕಾರ್ಡು ತೆಗೆಯಲು ಜೇಬಿಗೆ ಕೈ ಹಾಕಿದರೆ, "ನೋಡ್ರಮ್ಮ ನೋಡ್ರಿ, ನಂಗೇ ದುಡ್ಡು ಕೊಡೋಕೆ ಬರ್ತಾನೆ!" ಅಂತ ಇನ್ನೂ ಜೋರು ಮಾಡಿದರು. ಆತ ಹೆದರಿ ಕೈ ಜೇಬಿನಿಂದ ಹೊರಗೆ ತೆಗೆದ.

ಯಾರೋ ನನಗೆ ಫೋನ್ ಮಾಡಿದರು. ಪಾಠ ಅರ್ಧಕ್ಕೆ ಬಿಟ್ಟು ಓಡಿದೆ. ನಾನು ಹೋಗಿ ಬೀದಿಯ ಗುಂಪಿನಲ್ಲಿ ನುಗ್ಗುವಷ್ಟರಲ್ಲಿ ಟೀಚರ್ ಸ್ಟೇಷನ್ನಿಗೇ ಫೋನ್ ಹಚ್ಚಿದ್ದರು. "ದಲ್ಲಾಳಿ ಒಬ್ಬನ್ನ ಹಿಡ್ಕಂಡಿದೀನಿ ಸರ್, ಬೇಗ ಯಾರನ್ನಾದ್ರೂ ಕಳಿಸ್ರಿ." ಆ ಕಡೆಯವರು, "ಹೆದರ್ಬ್ಯಾಡ್ರಿ ಮೇಡಂ, ನಮ್ಮೋರೊಬ್ರು ಅದೇ ಬೀದಿಗೆ ಹೋಗವ್ರೆ. ಈಗ್ಲೇ ಫೋನ್ ಮಾಡಿ ಹೇಳ್ತೀವಿ," ಅಂದರು. ಟೀಚರ್ ಗೆದ್ದ ಮುಖದಿಂದ ಫೋನ್ ಇಟ್ಟರು. ಬೇವಿನ ಮರದ ಕೆಳಗೆ ನಿಂತಿದ್ದ ದಲ್ಲಾಳಿಯ ಜೇಬಿನಲ್ಲಿ ಫೋನು ರಿಂಗಾಯಿತು.

ಚೀಲ

ನ್ಯೂಜಿಲೆಂಡಿಗೆ ಹಣ್ಣು, ಬೀಜ, ಮಾಂಸ ಇಂಥವು ಯಾವುದನ್ನೂ ಒಯ್ಯುವ ಹಾಗಿಲ್ಲ. ಇದನ್ನು ನಾನು ಬಸ್ಸಿನಲ್ಲಿ ಒಂದು ಸಲ, ಮನೆಯಲ್ಲಿ ಎರಡು ಸಲ, ಅಜ್ಜಿಗೆ ಪ್ರತ್ಯೇಕವಾಗಿ ಒಂದು ಸಲ ಹೇಳಿದ್ದೆ. ಹೊರಡುವ ಹಿಂದಿನ ದಿನ ಹೋಗಿ ಚೀಲ ಬಿಚ್ಚಿಸಿದೆ. ಹುಣಸೆಹಣ್ಣು. ಹುರಿದ ಶೇಂಗಾ. ಅವರೆಕಾಳು. ಹೊಸದುರ್ಗದ ದೊಡ್ಡಮ್ಮ ಕೊಟ್ಟ ಕೊಬ್ಬರಿ ಬಟ್ಟಲು. ಸೋದರಮಾವ ಮಾರಿಕಣಿವೆಯಿಂದ ತಂದ ಒಣಮೀನು, ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದರೂ ಬೀದಿಯ ಬೆಕ್ಕುಗಳೆಲ್ಲ ಬಾಗಿಲಿಗೆ ಬಂದು ಕೂತಿದ್ದವು.

ನಾನು ಒಂದು ಕಡೆಯಿಂದ ತೆಗೆದೆ, ಅವರು ಇನ್ನೊಂದು ಕಡೆಯಿಂದ ತುಂಬಿದರು. "ಕಾಳು ಹೆಂಗೆ ಬೀಜ ಆಗ್ತೈತೆ ಮೇಡಂ?" ಅಂತ ಅಮ್ಮ ವಾದಕ್ಕೆ ನಿಂತರು. ಎಲ್ಲ ಮುಗಿದ ಮೇಲೆ ಅಜ್ಜಿ ತಮ್ಮ ಕರಿಕಂಬಳಿ ತಂದು ಮೇಲಿಟ್ಟರು. ಅದನ್ನು ತೆಗೆಯುವ ಧೈರ್ಯ ನನಗಿರಲಿಲ್ಲ. ಕಂಬಳಿ ಇದೆ ಅಂತ ಅಲ್ಲಿ ಇಳಿದ ಕೂಡಲೇ ಹೇಳಬೇಕು ಅಂತ ಹುಡುಗಿಗೆ ಪಾಠ ಮಾಡಿದೆ.

ಅಂತೂ ಚೀಲವನ್ನು ಪಕ್ಕದ ಅಂಗಡಿಯ ತಕ್ಕಡಿಗೆ ಏರಿಸಿದರೆ ವಿಮಾನದವರು ಹೇಳಿದ ತೂಕಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು. ನಾನು ಬೆವರು ಒರೆಸಿಕೊಂಡು, ದೇವರು ದೊಡ್ಡವನು ಅಂದೆ. ಮೂಲೆಯಲ್ಲಿ ನಿಂತಿದ್ದ ಹುಡುಗಿ ಆಗ ಬಾಯಿ ಬಿಟ್ಟಳು.

"ಮಿಸ್, ಅದ್ರಲ್ಲಿ ನನ್ ಬಟ್ಟೆ ಇನ್ನೂ ಇಟ್ಟಿಲ್ಲ."

ನಿಮ್ಮ ಹೆಸರೇನು?

ನ್ಯೂಜಿಲೆಂಡಿನಲ್ಲಿ ಅವಳ ಸ್ಕೂಲು ಬಿಡುವ ಹೊತ್ತು ಅಂದರೆ ನಮಗೆ ಬೆಳಗ್ಗೆ ಎಂಟೂವರೆ. ಅಪ್ಪ ಬಸ್ಸು ಓಡಿಸುವಾಗ ಫೋನ್ ಮುಟ್ಟುವುದಿಲ್ಲ. ಹಾಗಾಗಿ ಕರೆ ಬರುತ್ತಿದ್ದದ್ದು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತ ನನಗೆ. ಅಪ್ಪನಿಗೂ ಕೇಳಲಿ ಅಂತ ಸ್ಪೀಕರ್ ಹಾಕುತ್ತಿದ್ದೆ. ಅಪ್ಪನಿಗೆ ಕೇಳುವುದು ಅಂದರೆ ಬಸ್ಸಿಗೇ ಕೇಳುವುದು. ಒಂದು ತಿಂಗಳಲ್ಲಿ ಆ ಬಸ್ಸಿನ ಸೊಪ್ಪು ಮಾರುವವರಿಗೂ ನ್ಯೂಜಿಲೆಂಡಿನ ಟೈಮ್‌ಟೇಬಲ್ ಬಾಯಿಪಾಠವಾಗಿತ್ತು.

"ಮಿಸ್, ಇಲ್ಲಿ ನಮಗೆ ಅಂತ ಒಂದು ಕ್ಲಾಸ್‌ರೂಮ್ ಇಲ್ಲ. ಟೀಚರ್‌ಗಳು ಕೂತಿರ್ತಾರೆ, ನಾವೇ ರೂಮಿಂದ ರೂಮಿಗೆ ಓಡಾಡ್ಬೇಕು."

"ಅದೇ ಸರಿ. ಮೇಡಂಗೆ ಮಂಡಿ ನೋವು, ಇಲ್ಲೂ ಹಂಗೇ ಮಾಡ್ಬೇಕು," ಅಂದರು ಹಿಂದಿನ ಸೀಟಿನವರು. ನನ್ನ ಮಂಡಿಯ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ ನನಗೆ ಗೊತ್ತಿಲ್ಲ.

"ಇನ್ನೊಂದು ಮಿಸ್. ಇಲ್ಲಿ ಒಬ್ರು ಟೀಚರ್ ತಮ್ಮನ್ನ ಹೆಸ್ರು ಹಿಡ್ದೇ ಕರೀರಿ ಅಂತಾರೆ. ನಂಗೆ ಬಾಯೇ ಬರಲ್ಲ."

ಬಸ್ಸಿನವರೆಲ್ಲ ಕತ್ತು ಚಾಚಿದರು. ಗುರುಗಳನ್ನು ಹೆಸರು ಹಿಡಿದು! ಒಬ್ಬರು ಕಾಲ ಕೆಟ್ಟಿತು ಅಂದರು. ಇನ್ನೊಬ್ಬರು ಅಲ್ಲಿ ಅದೇ ಮರ್ಯಾದೆ ಇರಬಹುದು ಅಂದರು. ವಾದ ಬೆಳೆದು ಹೊಳಲ್ಕೆರೆ ಹತ್ತಿರವಾಗುವವರೆಗೂ ನಡೆಯಿತು. ಇಳಿಯುವಾಗ ಕಂಡಕ್ಟರ್ ತಲೆ ಕೆರೆದುಕೊಂಡು ನನ್ನ ಹತ್ತಿರ ಬಂದ.

"ಅಲ್ಲ ಮೇಡಂ, ಇಷ್ಟು ವರ್ಷದಿಂದ ಟಿಕೆಟ್ ಕೊಡ್ತಾ ಇದೀನಿ. ಅಂದಂಗೆ ನಿಮ್ ಹೆಸ್ರೇನು?"

ಹೇಳಿದೆ. ಅವನು ಒಂದು ಸಲ ಬಾಯಲ್ಲಿ ಅಂದು ನೋಡಿದ. ಮುಖ ಹುಳ್ಳಗೆ ಮಾಡಿಕೊಂಡ.

"ಬ್ಯಾಡ ಬಿಡ್ರಿ. ಮೇಡಂ ಅಂಬೋದೇ ಚೆಂದ."

ಹಸಿವು

ಇದನ್ನು ಹೇಳುವಾಗ ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಅವಳು ಹೋಗಿ ಮೂರು ವಾರವಾಗಿತ್ತು. ಪಾಠ ಮಾಡುತ್ತಿದ್ದಾಗ ಅಲ್ಲಿನ ಮನೆಯಾಕೆ ಫೋನ್ ಮಾಡಿದರು. ಹುಡುಗಿ ಊಟ ಮಾಡುವುದಿಲ್ಲ. ದಿನಾ ಸಂಜೆ ಬಡಿಸಲೇ ಅಂತ ಕೇಳಿದರೆ ಬೇಡ ಅನ್ನುತ್ತಾಳೆ. ಒಂದು ಚೂರು ತಿಂದು ಎದ್ದು ಹೋಗುತ್ತಾಳೆ. ಅವಳನ್ನು ಒತ್ತಾಯ ಮಾಡುವುದು ಸರಿಯಲ್ಲ ಅಂತ ಸುಮ್ಮನಿದ್ದೇನೆ, ಆದರೆ ತೂಕ ಇಳಿಯುತ್ತಿದೆ, ನನಗೆ ಹೆದರಿಕೆಯಾಗುತ್ತಿದೆ. ಮಾರನೇ ದಿನ ಸಂಸ್ಥೆಯವರ ಮೆಸೇಜು ಬಂತು. ಹುಡುಗಿ ಹೊಂದಿಕೊಳ್ಳದಿದ್ದರೆ ತಿಂಗಳ ಕೊನೆಗೆ ವಾಪಸ್ ಕಳಿಸಬೇಕಾಗುತ್ತದೆ.

ಇಷ್ಟೆಲ್ಲ ಮಾಡಿ ಮೊಣಕೈಗೆ ಬೆಲ್ಲ ಹಚ್ಚಿಕೊಂಡ ಹಾಗಾಯಿತಲ್ಲ! ಬ್ಲೌಸ್ ಹೊಲಿಯುವ ಆ ತಾಯಿ ಬೀದಿಗೆಲ್ಲ ಪೇಡ ಹಂಚಿದ್ದರು. ಅಜ್ಜಿಯ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಬೆಳಗ್ಗೆ ಬಸ್ಸಿನಲ್ಲಿ ಕರೆ ಬಂದ ಕೂಡಲೇ ಬೈಯಲು ಶುರು ಮಾಡಿದೆ. "ಯಾಕೆ ಊಟ ಮಾಡಲ್ಲ ನೀನು? ಅಷ್ಟು ಪ್ರೀತಿಯಿಂದ ಕೇಳ್ತಾರಂತೆ!"

ಆ ಕಡೆ ಅಳು. "ತುಂಬಾ ಹಸಿವಾಗ್ತೈತೆ ಮಿಸ್."

"ಮತ್ತೆ ಬೇಡ ಅಂತೀಯಂತೆ?"

"ಮೊದಲ್ನೇ ಸಲಕ್ಕೇ ಹೂಂ ಅನ್ನೋಕಾಗುತ್ತಾ ಮಿಸ್? ಬೇಡ ಅಂತೀನಿ."

"ಆಮೇಲೆ?"

"ಆಮೇಲೆ ಏನಿಲ್ಲ ಮಿಸ್. ಒಂದೇ ಸಲ ಕೇಳ್ತಾರೆ. ಪಾತ್ರೆ ಮುಚ್ಚಿ ಫ್ರಿಜ್ಜಲ್ಲಿಡ್ತಾರೆ."

ಇಡೀ ಬಸ್ಸು ಒಟ್ಟಿಗೆ "ಅಯ್ಯೋ!" ಅಂತು. ಡ್ರೈವರ್ ಬಸ್ಸನ್ನು ರಸ್ತೆ ಬದಿಗೆ ತಂದು ನಿಲ್ಲಿಸಿಬಿಟ್ಟರು. ಟೈಮಾಯಿತು ಅಂತ ಒಬ್ಬರೂ ಗೊಣಗಲಿಲ್ಲ.

ನಮ್ಮ ಕಡೆ ಇದು ಹಾಲು ಕುಡಿದಷ್ಟು ಸಹಜ. ಮೊದಲ ಸಲ ಕೇಳಿದಾಗ ಬೇಡ ಅನ್ನಬೇಕು. ಎರಡನೇ ಸಲ ತಟ್ಟೆಗೆ ಕೈ ಅಡ್ಡ ಹಿಡಿಯಬೇಕು. ಮೂರನೇ ಸಲ ಅವರು ಕೈ ಸರಿಸಿ ಬಡಿಸುತ್ತಾರೆ, ನಾವು ಸಾಕು ಸಾಕು ಅನ್ನುತ್ತಾ ತಿನ್ನುತ್ತೇವೆ. ಅಷ್ಟೇಕೆ, ಈ ಕಂಡಕ್ಟರ್ ದಿನಾ ಬಸ್ ಸ್ಟ್ಯಾಂಡಿನಲ್ಲಿ ಗ್ಲಾಸು ಕೈಯಲ್ಲಿ ಹಿಡಿದುಕೊಂಡು, "ಬರ್ರಿ ಮೇಡಂ, ಟೀ ಕುಡಿಯಾಣ," ಅನ್ನುತ್ತಾನೆ. ನಾನು ದಿನಾ, "ಈಗಷ್ಟೇ ಆಯ್ತಪ್ಪ," ಅನ್ನುತ್ತೇನೆ. ಅವನು ಕೊಡಲು ಕೇಳುವುದಿಲ್ಲ, ನಾನು ಕುಡಿದಿರುವುದಿಲ್ಲ. ಇಬ್ಬರಿಗೂ ಗೊತ್ತು, ಇಬ್ಬರಿಗೂ ಸಮಾಧಾನ.

ಹುಡುಗಿಗೆ ಖಡಕ್ಕಾಗಿ ಹೇಳಿದೆ. "ನೋಡು, ಅವರು ಕೇಳೋದು ಒಂದೇ ಸಲ. ನೀನು ಏನಂತೀಯೋ ಅದನ್ನ ನಂಬ್ತಾರೆ. ಬಲವಂತ ಮಾಡೋದು ಅಲ್ಲಿ ಮರ್ಯಾದೆ ಅಲ್ಲ. ಕೇಳಿದ ಕೂಡಲೇ ಹೂಂ ಅನ್ನು. ತಿಳೀತಾ?"

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಎಲ್ಲಿ ನಾಚಿಕೆಗೆ ಮತ್ತೆ ಬೇಡ ಅಂದುಬಿಡುತ್ತಾಳೋ ಅಂತ ಅಲ್ಲಿನ ಮನೆಯಾಕೆಗೂ ಉದ್ದಕ್ಕೆ ಬರೆದೆ. ನಮ್ಮ ಕಡೆಯ ಪದ್ಧತಿ ಹೀಗಿದೆ, ದಯವಿಟ್ಟು ಮೂರು ಸಲ ಕೇಳಿ, ಮೂರನೇ ಸಲ ಅವಳು ಏನಂದರೂ ಬಡಿಸಿಬಿಡಿ ಅಂತ. ಪುಣ್ಯಾತ್ಗಿತ್ತಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ಒಂದು ವಾರ ಬಿಟ್ಟು ಹುಡುಗಿಯ ಫೋನ್ ಬಂದಾಗ ಅವಳ ದನಿಯೇ ಮೇಲೇಳುತ್ತಿರಲಿಲ್ಲ.

"ಮಿಸ್, ಕೇಳಿದ ಕೂಡ್ಲೇ ಹೂಂ ಅಂತೀನಿ, ಬಡಿಸ್ತಾರೆ. ಆಮೇಲೆ ಇನ್ನೂ ಎರಡು ಸಲ ಕೇಳಿ ಬಡಿಸ್ತಾರೆ. ಬೇಡ ಅಂದ್ರೂ ಬಿಡಲ್ಲ. ಇವ್ರು ನಮ್ ಹೊಸದುರ್ಗದ ದೊಡ್ಡಮ್ಮನ್ನ ಮೀರಿಸಿದ್ರು ಮಿಸ್!"

ಕುರಿ ವಿದ್ಯೆ

ಅಲ್ಲಿಂದ ಮುಂದೆ ಅವಳು ಚೆನ್ನಾಗಿ ಹೊಂದಿಕೊಂಡಳು. ಅರ್ಧ ವರ್ಷಕ್ಕೆ ಸ್ಕೂಲಿನಿಂದ ವರದಿ ಬಂತು. ಬಸ್ಸಿನಲ್ಲೇ ಅದನ್ನು ಡ್ರೈವರಿಗೆ ಕನ್ನಡದಲ್ಲಿ ಹೇಳಿದೆ. "ನಿಮ್ಮ ಮಗಳು ಕ್ಲಾಸಿನಲ್ಲಿರೋದೇ ಒಂದು ಸಂತೋಷ ಅಂತ ಬರೆದಿದ್ದಾರೆ."

ಅವರು ಗೇರ್ ಬದಲಾಯಿಸಿದರು. "ಅದು ನೂರಕ್ಕೆ ಎಷ್ಟು ಮೇಡಂ?"

ನೂರಕ್ಕೆ ಎಷ್ಟೂ ಇರಲಿಲ್ಲ. ರ‍್ಯಾಂಕೂ ಇಲ್ಲ. ಹಾಗಂತ ಒಪ್ಪಿಸುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಕಳೆಯಿತು. ಆದರೆ ಒಂದು ವಿಷಯದಲ್ಲಿ ಅವಳು ಎಲ್ಲರಿಗಿಂತ ಮುಂದೆ ಅಂತ ಬೇರೆಯಾಗಿ ಬರೆದಿದ್ದರು. ಅಲ್ಲಿ ಬೇಸಾಯ, ಪಶುಪಾಲನೆಯೂ ಪಾಠ. ಟೀಚರ್ ಒಂದು ಫೋಟೋ ಸಹ ಕಳಿಸಿದ್ದರು. ನಾನು ಹೆಮ್ಮೆಯಿಂದ ಅದನ್ನು ತೋರಿಸಲು ಅಜ್ಜಿಯ ಹತ್ತಿರ ಹೋದೆ.

ಮೊಣಕಾಲುದ್ದದ ರಬ್ಬರ್ ಬೂಟು, ಮೈಮೇಲೆ ಅಜ್ಜಿಯದೇ ಕರಿಕಂಬಳಿ, ಕೈಯಲ್ಲೊಂದು ಕೋಲು. ಹುಡುಗಿ ಹುಲ್ಲುಗಾವಲಿನಲ್ಲಿ ನಿಂತು ಒಂದು ದೊಡ್ಡ ಮಂದೆಯನ್ನು ದೊಡ್ಡಿಗೆ ಹೊಡೆಯುತ್ತಿದ್ದಳು. ಅಜ್ಜಿ ಫೋಟೋವನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು.

"ಮೇಡಮ್ನೋರೆ, ಈ ಕೆಲ್ಸ ಬ್ಯಾಡ ಅಂತ ನನ್ ಮಗನ್ನ ಡ್ರೈವರ್ ಮಾಡ್ದೆ. ಮೊಮ್ಮಗಳು ಓದ್ಲಿ ಅಂತ ಇದ್ದ ಮಂದೇನೂ ಮಾರ್ದೆ. ನೀವು ಏರೋಪ್ಲೇನ್ ಹತ್ತಿಸಿ ಸಮುದ್ರ ದಾಟಿಸಿ ಕಳಿಸಿದ್ದು ಕುರಿ ಹೊಡೆಯೋಕಾ? ತಾಳ್ಯದಾಗೇ ಇದ್ವಲ್ರಿ!"

ಟೀ

ವರ್ಷ ಮುಗಿದು ಹುಡುಗಿ ವಾಪಸ್ ಬಂದಳು. ಅಪ್ಪ ಅಮ್ಮ ಬೆಂಗಳೂರಿಗೇ ಹೋಗಿ ಕರೆತಂದರು. ಅಜ್ಜಿ ಹೊಸ್ತಿಲಲ್ಲಿ ನಿಲ್ಲಿಸಿಕೊಂಡು ತಲೆಯಿಂದ ಕಾಲಿನವರೆಗೂ ನೋಡಿದರಂತೆ. ಅದೇ ಜಡೆ, ಅದೇ ನಗು. ಕಾಲಿಗೆ ಬಿದ್ದಳು, ಮುದ್ದೆ ಕೇಳಿ ಹಾಕಿಸಿಕೊಂಡು ತಿಂದಳು. "ಹೋದೋಳೇ ಬಂದವ್ಳೆ, ಮೇಡಮ್ನೋರು ಮಾತು ಉಳಿಸ್ಕಂಡ್ರು," ಅಂತ ಅಜ್ಜಿ ಬೀದಿಗೆಲ್ಲ ಹೇಳಿದ ಸುದ್ದಿ ಬಸ್ಸಿನಲ್ಲಿ ನನಗೆ ಮುಟ್ಟಿತು. ಒಂದು ವರ್ಷದಿಂದ ಹೊತ್ತ ಹೊರೆ ಇಳಿದಂತಾಯಿತು. ಶನಿವಾರ ಸ್ಕೂಲು ಮುಗಿಸಿಕೊಂಡು ನೋಡಲು ಹೋದೆ.

ಅಮ್ಮ ಬ್ಲೌಸ್ ಕೊಡಲು ಹೊರಗೆ ಹೋಗಿದ್ದರು. ಅಜ್ಜಿ ಜಗುಲಿಯಲ್ಲಿ ಕೂತಿದ್ದರು. ಹುಡುಗಿ ಓಡಿ ಬಂದು ಕೈ ಹಿಡಿದುಕೊಂಡಳು. ನನಗೆ ಕಣ್ಣು ತುಂಬಿ ಬಂತು.

"ಮಿಸ್, ಟೀ ಕುಡೀತೀರಾ?"

"ಅಯ್ಯೋ ಬೇಡಮ್ಮ, ಈಗಷ್ಟೇ ಆಯ್ತು."

ಆಗಿರಲಿಲ್ಲ. ಬೆಳಗ್ಗೆಯಿಂದ ಕೂಗಿ ಕೂಗಿ ಗಂಟಲು ಒಣಗಿ ಹೋಗಿತ್ತು.

"ಸರಿ ಮಿಸ್," ಅಂದು ಒಳಗೆ ಹೋದಳು. ಶುಂಠಿಯ ಘಮ ಬಂತು. ಪಾಪ, ಹುಡುಗಿ ಕೇಳದೆಯೇ ಮಾಡುತ್ತಿದ್ದಾಳೆ ಅಂದುಕೊಂಡೆ. ಎರಡು ಗ್ಲಾಸು ಬಂದವು. ಒಂದು ಅಜ್ಜಿಗೆ, ಒಂದು ಅವಳಿಗೆ. ನನ್ನ ಎದುರು ಕೂತು ನ್ಯೂಜಿಲೆಂಡಿನ ಕಥೆ ಹೇಳುತ್ತಾ ಸುರ್ ಅಂತ ಕುಡಿಯತೊಡಗಿದಳು.

ನಾನು ಎರಡನೇ ಸಲದ ಪ್ರಶ್ನೆಗೆ ಕಾದೆ. ಬರಲಿಲ್ಲ. "ಶುಂಠಿ ಹಾಕಿದೀಯೇನಮ್ಮ?" ಅಂದೆ. "ಹೂಂ ಮಿಸ್," ಅಂದಳು. "ಇವತ್ತು ಗಂಟಲು ಯಾಕೋ ಕೆರೀತಿದೆ," ಅಂದೆ. "ಹುಷಾರು ಮಿಸ್," ಅಂದಳು.

ಆಗ ಅಜ್ಜಿ ನನ್ನ ಬರಿಗೈ ನೋಡಿದರು. "ಮೇಡಮ್ನೋರಿಗೆ ಎಲ್ಲೇ ಟೀ?"

"ಕೇಳ್ದೆ ಅಜ್ಜಿ. ಬೇಡ ಅಂದ್ರು."

"ಎಷ್ಟು ಸಲ ಕೇಳ್ದೆ?"

"ಒಂದ್ಸಲ."

ಅಜ್ಜಿ ಗ್ಲಾಸು ಕೆಳಗಿಟ್ಟರು. ಮೊಮ್ಮಗಳನ್ನು ನೋಡಿದರು, ನಿಧಾನಕ್ಕೆ ನನ್ನ ಕಡೆ ತಿರುಗಿದರು. "ಹೋದೋಳೇ ವಾಪಸ್ ಬರ್ತಾಳೆ ಅಂದಿದ್ರಿ."

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಉತ್ತರ ಕೊಟ್ಟಳು. "ಮಿಸ್ಸೇ ಹೇಳ್ಕೊಟ್ಟಿದ್ದು ಅಜ್ಜಿ. ಒಂದೇ ಸಲ ಕೇಳೋದು, ಅವ್ರು ಏನಂತಾರೋ ಅದನ್ನ ನಂಬೋದು. ಬಲವಂತ ಮಾಡೋದು ಮರ್ಯಾದೆ ಅಲ್ವಂತೆ."

"ಈಗ ನಾನೇ ಕೇಳ್ತೀನಿ. ಟೀ ಬೇಕಾ ಬ್ಯಾಡ್ವಾ ಹೇಳ್ರಿ," ಅಂದರು ಅಜ್ಜಿ.

ವಿದ್ಯಾರ್ಥಿಯ ಮುಂದೆ ಈಗಷ್ಟೇ ಆಯ್ತು ಅಂದವಳು ಈಗ ಬೇಕು ಅನ್ನಲು ಬಾಯಿ ಹೇಗೆ ಬರುತ್ತದೆ? "ನಿಜವಾಗ್ಲೂ ಬೇಡ ಅಜ್ಜಿ," ಅಂದೆ. ಅಲ್ಲಿಗೆ ಎರಡಾಯಿತು. ಮೂರನೇ ಸಲ ಕೇಳಬೇಕಾದ ಅಮ್ಮ ಮನೆಯಲ್ಲಿರಲಿಲ್ಲ.

ಬೀದಿ ತಿರುವಿನವರೆಗೂ ಹುಡುಗಿ ಬಿಡಲು ಬಂದಳು. ಹೊರಡುವಾಗ ಮೆಲ್ಲಗೆ ಅಂದಳು. "ಬೇಜಾರು ಮಾಡ್ಕೋಬೇಡಿ ಮಿಸ್. ಅಲ್ಲಿ ಮೂರು ವಾರ ನಾನೂ ಹಿಂಗೇ ಕೂತಿದ್ದೆ." ತುಟಿಯಂಚಿನಲ್ಲಿ ನಗುತ್ತಿದ್ದಳು. ಕಳ್ಳಿಗೆ ಎಲ್ಲ ಗೊತ್ತಿತ್ತು!

ಒಣಗಿದ ಗಂಟಲಲ್ಲಿ ಬಸ್ ಸ್ಟ್ಯಾಂಡಿಗೆ ಬಂದೆ. ಚಿತ್ರದುರ್ಗಕ್ಕೆ ವಾಪಸ್ ಹೋಗುವ ನಮ್ಮ ಬಸ್ಸು ನಿಂತಿತ್ತು. ಡ್ರೈವರ್ ಸೀಟಿನಲ್ಲಿದ್ದರು. ಬಾಗಿಲ ಹತ್ತಿರ ಕಂಡಕ್ಟರ್ ಆಗತಾನೇ ತಂದ ಟೀ ಗ್ಲಾಸು ಹಿಡಿದು ನಿಂತಿದ್ದ. ನನ್ನನ್ನು ಕಂಡು ಎಂದಿನಂತೆ ಬಾಯಿಮಾತಿಗೆ ಅಂದ.

"ಬರ್ರಿ ಮೇಡಂ, ಟೀ ಕುಡಿಯಾಣ."

"ಕೊಡಪ್ಪ," ಅಂದು ಗ್ಲಾಸನ್ನು ಅವನ ಕೈಯಿಂದ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದೆ.

ಕಂಡಕ್ಟರ್ ಖಾಲಿ ಕೈಯನ್ನು ಹಾಗೇ ಹಿಡಿದುಕೊಂಡು ಕಲ್ಲಾಗಿ ನಿಂತ. ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಡ್ರೈವರ್ ತಲೆ ಹೊರಗೆ ಹಾಕಿದರು.

"ಅಲ್ಲ ಮೇಡಂ, ಫಾರಿನ್ನಿಗೆ ಹೋಗಿದ್ದು ನನ್ ಮಗ್ಳೋ, ನೀವೋ?"